ಮಾರ್ಮನ್ ಅಭ್ಯರ್ಥಿಗೆ ವೋಟು ಹಾಕುವಾಗ ಅವರ ಧರ್ಮವನ್ನೂ ನೋಡಬೇಕಾ?

ಸಾಗರದವನು

ಎಲ್ಲರಿಗೂ ನಮಸ್ಕಾರ. ಒಂದು ವಿಚಾರ ಎರಡು ವಾರದಿಂದ ತಲೆ ತಿನ್ನುತ್ತಿದೆ. ನಿಮ್ಮ ಅಭಿಪ್ರಾಯ ಬೇಕು.

ನಾವು ಅಮೆರಿಕದ ಯೂಟಾ ರಾಜ್ಯಕ್ಕೆ ಬಂದು ಒಂಬತ್ತು ವರ್ಷ ಆಯಿತು. ಹೋದ ವರ್ಷ ಇಲ್ಲಿನ ಪೌರತ್ವ ಸಿಕ್ಕಿತು, ಹಾಗಾಗಿ ನನಗೂ ನನ್ನ ಹೆಂಡತಿಗೂ ಇದು ಮೊದಲ ವೋಟು. ರಾಜ್ಯದ ಶಾಸನಸಭೆಗೆ ನಮ್ಮ ಕ್ಷೇತ್ರದಿಂದ ನಿಂತಿರುವ ಒಬ್ಬರು ನಮ್ಮಿಂದ ಮೂರನೇ ಮನೆಯವರು. ಹಲ್ಲಿನ ಡಾಕ್ಟರು. ಜೊತೆಗೆ ನಮ್ಮ ಬೀದಿಯ ಮಾರ್ಮನ್ ವಾರ್ಡಿನ ಬಿಷಪ್. ಮಾರ್ಮನ್ ಅಂದರೆ ಅಮೆರಿಕದಲ್ಲೇ ಹುಟ್ಟಿದ, ತನ್ನನ್ನು ಕ್ರೈಸ್ತ ಅಂತಲೇ ಕರೆದುಕೊಳ್ಳುವ ಒಂದು ಚರ್ಚು. ಇಲ್ಲಿ ವಾರ್ಡ್ ಅಂದರೆ ಆಸ್ಪತ್ರೆಯದೂ ಅಲ್ಲ, ಕಾರ್ಪೊರೇಷನ್ನಿನದೂ ಅಲ್ಲ. ಇಷ್ಟು ಬೀದಿಯವರು ಈ ಚರ್ಚಿಗೆ ಅಂತ ಗಡಿ ಹಾಕಿರುತ್ತಾರೆ, ಅದೇ ವಾರ್ಡ್. ಬಿಷಪ್ ಕೆಲಸಕ್ಕೆ ಸಂಬಳ ಇಲ್ಲ. ಹಗಲು ಹಲ್ಲು ನೋಡುತ್ತಾರೆ, ಸಂಜೆ ಯಾರ ಮನೆಯಲ್ಲಿ ಏನು ಕಷ್ಟ ಅಂತ ವಿಚಾರಿಸುತ್ತಾರೆ.

ಎರಡು ವರ್ಷದ ಹಿಂದೆ ಅಪ್ಪನಿಗೆ ಹುಷಾರಿಲ್ಲ ಅಂತ ನಾನು ಊರಿಗೆ ಓಡಿದ್ದೆ. ಜನವರಿ ತಿಂಗಳು. ಮೊಣಕಾಲುದ್ದ ಹಿಮ ಬಿದ್ದಿತ್ತಂತೆ. ಬೆಳಗ್ಗೆ ಆರಕ್ಕೆ ನನ್ನ ಹೆಂಡತಿ ಕಿಟಕಿ ಪರದೆ ಸರಿಸಿದರೆ, ಗ್ಯಾರೇಜಿನಿಂದ ರಸ್ತೆವರೆಗೆ ದಾರಿ ಚೊಕ್ಕಟವಾಗಿತ್ತು. ಮೆಟ್ಟಿಲ ಮೇಲೆ ಉಪ್ಪು ಕೂಡ ಹಾಕಿದ್ದರು. ಯಾರು ಅಂತ ಗೊತ್ತಾಗಿದ್ದು ನಾಲ್ಕನೇ ದಿನ, ಅವರ ಮಗ ಬಾಯಿಬಿಟ್ಟಾಗ.

ಈಗ ತೊಡಕು. ನನ್ನ ಸಹೋದ್ಯೋಗಿ ಒಬ್ಬ ಅದೇ ಚರ್ಚಿನಲ್ಲಿ ಹುಟ್ಟಿ ಬೆಳೆದು ಹೊರಗೆ ಬಂದವನು. ಅವನು ಹೇಳಿದ: "ಮನುಷ್ಯ ಒಳ್ಳೆಯವನೇ. ಆದರೆ ಸಾಲ್ಟ್ ಲೇಕ್‌ನಿಂದ (ಅಂದರೆ ಚರ್ಚಿನ ಮುಖ್ಯ ಕಚೇರಿಯಿಂದ) ಒಂದು ಮಾತು ಬಂದರೆ ಅವನು ನಿನ್ನ ಮಾತು ಕೇಳುವುದಿಲ್ಲ." ಶನಿವಾರ ನಮ್ಮನೆಯಲ್ಲಿ ಐದಾರು ಕನ್ನಡದ ಸಂಸಾರ ಸೇರಿದಾಗ ಇದೇ ಮಾತು ಜಗಳದ ಹತ್ತಿರ ಹೋಯಿತು.

ಅವರ ಧರ್ಮ ನಿಜವೋ ಸುಳ್ಳೋ ಅನ್ನೋದು ನನ್ನ ಪ್ರಶ್ನೆ ಅಲ್ಲ. ವೋಟು ಹಾಕುವವನಾಗಿ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದಾ, ಬಾರದಾ?

ಹುಬ್ಬಳ್ಳಿ_ಮಂಜಣ್ಣ

ಹಿಮ ತೆಗೆದ ಮನುಷ್ಯನಿಗೆ ವೋಟು ಹಾಕಿರಿ. ಇದರಾಗ ಯೋಚನೆ ಮಾಡೋದು ಏನೈತಿ?

ಕಮಲಾಕ್ಷಿ_ನ್ಯೂಜೆರ್ಸಿ

ಕಾನೂನಿನ ಮಾತು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಸಂವಿಧಾನದ 6ನೇ ವಿಧಿಯಲ್ಲೇ ಇದೆ, ಯಾವ ಸರ್ಕಾರಿ ಹುದ್ದೆಗೂ ಧರ್ಮದ ಪರೀಕ್ಷೆ ಇಡುವ ಹಾಗಿಲ್ಲ ಅಂತ. ಹಕ್ಕುಗಳ ಪಟ್ಟಿ ಸೇರುವುದಕ್ಕಿಂತ ಮೊದಲೇ ಇದ್ದ ಮಾತು ಇದು. ಸಂವಿಧಾನವೇ ಕೇಳಬಾರದು ಅಂದದ್ದನ್ನು ನಾವು ಯಾಕೆ ಕೇಳಬೇಕು?

1960ರ ರಾಷ್ಟ್ರಪತಿ ಚುನಾವಣೆಯಲ್ಲಿ ಕೆನಡಿಗೂ ಇದೇ ಆಯಿತು. ಕ್ಯಾಥೊಲಿಕ್ ಅಲ್ವಾ, ಪೋಪ್ ಹೇಳಿದಂತೆ ಕುಣಿಯುತ್ತಾನೆ ಅಂದರು. ಆ ಸೆಪ್ಟೆಂಬರ್ 12ರಂದು ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಸಭೆಗೇ ಹೋಗಿ ಅವರು ಉತ್ತರ ಕೊಟ್ಟರು. ನಾನು ಕ್ಯಾಥೊಲಿಕ್ ಅಭ್ಯರ್ಥಿ ಅಲ್ಲ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಕ್ಯಾಥೊಲಿಕ್ ಆಗಿದ್ದೇನೆ ಅಷ್ಟೆ ಅಂತ. ಅಂದಿನ ಕ್ಯಾಥೊಲಿಕ್ ಜಾಗದಲ್ಲಿ ಈಗ ಮಾರ್ಮನ್ ಇದ್ದಾರೆ.

ತುಂಗಾತೀರ

ಕಮಲಾಕ್ಷಿ ಮೇಡಂ, ಒಂದು ತಿದ್ದುಪಡಿ. 6ನೇ ವಿಧಿ ಕೈ ಕಟ್ಟಿರುವುದು ಸರ್ಕಾರದ್ದು, ಮತದಾರನದ್ದಲ್ಲ. ಸರ್ಕಾರ ನಾಮಪತ್ರ ತಿರಸ್ಕರಿಸುವ ಹಾಗಿಲ್ಲ. ನಾನು ಯಾವ ಕಾರಣಕ್ಕೆ ವೋಟು ಕೊಡುತ್ತೇನೆ, ಕೊಡೋದಿಲ್ಲ ಅನ್ನೋದು ನನ್ನ ಮನಸ್ಸಿನ ವಿಚಾರ.

ಇನ್ನೊಂದು. ಕೆನಡಿ ಆ ಭಾಷಣದಲ್ಲಿ ಒಂದು ಖಚಿತ ಮಾತು ಕೊಟ್ಟರು. ನನ್ನ ಆತ್ಮಸಾಕ್ಷಿಗೂ ದೇಶದ ಹಿತಕ್ಕೂ ಘರ್ಷಣೆ ಬಂದರೆ ರಾಜೀನಾಮೆ ಕೊಡುತ್ತೇನೆ ಅಂದರು. ಜನ ಕೇಳಿದ್ದಕ್ಕೇ ಆ ಮಾತು ಹೊರಗೆ ಬಂತು. ಕೇಳಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಬಾಸ್ಟನ್_ಬಸು

ಮಿಟ್ ರಾಮ್ನಿ ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದಾಗ (2003ರಿಂದ 2007) ನಾವು ಅಲ್ಲೇ ಇದ್ದೆವು. ಅವರೂ ಹಿಂದೆ ಅಲ್ಲಿ ಬಿಷಪ್ ಆಗಿದ್ದವರು. ನಾವು ನೋಡಿದ್ದು 2006ರ ಆರೋಗ್ಯ ವಿಮೆ ಕಾನೂನು. ನನ್ನ ತಮ್ಮ ಆಗ ಚಿಕ್ಕ ಹೋಟೆಲಿನಲ್ಲಿ ಕೆಲಸಕ್ಕಿದ್ದ, ವಿಮೆ ಇರಲಿಲ್ಲ. ಆ ಕಾನೂನು ಬಂದ ಮೇಲೆ ಸಿಕ್ಕಿತು. ಅವನ ಅಪೆಂಡಿಕ್ಸ್ ಆಪರೇಷನ್ ಆದಾಗ ರಾಮ್ನಿ ಭಾನುವಾರ ಯಾವ ಚರ್ಚಿಗೆ ಹೋಗುತ್ತಾರೆ ಅಂತ ನಾವು ಯಾರೂ ಕೇಳಲಿಲ್ಲ.

ಆದರೆ ರಾಷ್ಟ್ರಪತಿ ಚುನಾವಣೆಗೆ ಇಳಿದ ಕೂಡಲೇ ಎಲ್ಲ ಬದಲಾಯಿತು. 2007ರ ಡಿಸೆಂಬರಿನಲ್ಲಿ ಟೆಕ್ಸಸ್‌ನಲ್ಲಿ ಧರ್ಮದ ಬಗ್ಗೆ ಭಾಷಣ ಮಾಡಿದರು. ಇಡೀ ಭಾಷಣದಲ್ಲಿ ಮಾರ್ಮನ್ ಅನ್ನುವ ಪದ ಬಂದದ್ದು ಒಂದೇ ಸಲ. ಪಾಪ, ಎಷ್ಟು ಹೆದರಿಸಿರಬೇಕು ನೋಡಿ ಅವರನ್ನು.

ತುಂಗಾತೀರ

ಬಸು ಅವರೇ, ಅದೇ ಭಾಷಣದಲ್ಲಿ ಅವರು ಸ್ವಾತಂತ್ರ್ಯಕ್ಕೆ ಧರ್ಮ ಬೇಕೇ ಬೇಕು ಅಂದರು. ದೇವರನ್ನು ನಂಬದವರ ಗತಿ ಏನು? ಕೆನಡಿ ಕಟ್ಟಿದ್ದು ಧರ್ಮಕ್ಕೂ ಸರ್ಕಾರಕ್ಕೂ ಮಧ್ಯೆ ಗೋಡೆ. ರಾಮ್ನಿ ಕೇಳಿದ್ದು ಒಳಗೆ ಬರೋಕೆ ಬಾಗಿಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಚನ್ನಗಿರಿ_ಚನ್ನ

ಇವರಲ್ಲಿ ನಾಲ್ಕು ನಾಲ್ಕು ಹೆಂಡತಿಯರು ಇರುತ್ತಾರಲ್ಲ? ಅಂಥವರ ಕೈಗೆ ಕಾನೂನು ಮಾಡೋ ಅಧಿಕಾರ ಕೊಡ್ತೀರಾ?

ಅರಿಝೋನಾ_ಅಕ್ಕ

ಚನ್ನ, ಇದನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ನಾನೇ ಆ ಚರ್ಚಿನ ಸದಸ್ಯೆ. ಬೆಂಗಳೂರಿನಲ್ಲಿ ಹುಟ್ಟಿದವಳು, ಇಪ್ಪತ್ತೆರಡನೇ ವಯಸ್ಸಿನಲ್ಲಿ ಸೇರಿದೆ. ನನಗೆ ಒಬ್ಬನೇ ಗಂಡ, ಅವರಿಗೆ ಒಬ್ಬಳೇ ಹೆಂಡತಿ.

ಬಹುಪತ್ನಿತ್ವವನ್ನು ಚರ್ಚು ಕೈಬಿಡುವುದಾಗಿ ಪ್ರಕಟಿಸಿದ್ದು 1890ರಲ್ಲಿ. ಅದಾದ ಮೇಲೆಯೇ 1896ರಲ್ಲಿ ಯೂಟಾ ರಾಜ್ಯ ಆಯಿತು. ಇವತ್ತು ಯಾರಾದರೂ ಒಬ್ಬ ಹೆಂಡತಿ ಇರುವಾಗಲೇ ಎರಡನೇ ಮದುವೆ ಮಾಡಿಕೊಂಡರೆ ಚರ್ಚಿನಿಂದ ಹೊರಗೆ ಹಾಕುತ್ತಾರೆ. ನೀವು ಟಿವಿಯಲ್ಲಿ ನೋಡಿದ್ದು ಬೇರೆಯಾಗಿ ಸಿಡಿದು ಹೋದ ಸಣ್ಣ ಪಂಗಡಗಳನ್ನು.

ಮಾರ್ಮನ್ ಅನ್ನುವ ಹೆಸರನ್ನೂ ಈಗ ನಾವು ಬಳಸುವುದಿಲ್ಲ. 2018ರಲ್ಲಿ ನಮ್ಮ ಅಧ್ಯಕ್ಷರು ಪೂರ್ತಿ ಹೆಸರಿನಿಂದಲೇ ಕರೆಯಿರಿ ಅಂತ ಕೇಳಿಕೊಂಡರು. ಇಲ್ಲಿ ಎಲ್ಲರಿಗೂ ಅರ್ಥ ಆಗಲಿ ಅಂತ ನಾನೂ ಆ ಪದ ಬಳಸುತ್ತೇನೆ, ಬೇಜಾರಿಲ್ಲ. ಬೇಜಾರು ಆಗೋದು ನಾಲ್ಕು ಹೆಂಡತಿ ಅಂದಾಗ.

ಚನ್ನಗಿರಿ_ಚನ್ನ

ಕ್ಷಮಿಸಿ ಅಕ್ಕಾ. ಗೊತ್ತಿರಲಿಲ್ಲ. ಇನ್ನು ಮುಂದೆ ಹಾಗೆ ಹೇಳೋದಿಲ್ಲ.

ದಾವಣಗೆರೆ_ದೀಪಾ

ಬಹುಪತ್ನಿತ್ವದ ಮಾತು ಬಂದಿತಲ್ಲ, ಒಂದು ಕಥೆ ಹೇಳಲೇಬೇಕು. ನಾನು ಸಾಲ್ಟ್ ಲೇಕ್‌ನಲ್ಲಿ ನರ್ಸ್. ಮಾರ್ಥಾ ಹ್ಯೂಸ್ ಕ್ಯಾನನ್ ಅಂತ ಇಲ್ಲೊಬ್ಬ ಡಾಕ್ಟರಮ್ಮ ಇದ್ದರು. ಬಹುಪತ್ನಿತ್ವದ ಸಂಸಾರದಲ್ಲಿ ಒಬ್ಬ ಹೆಂಡತಿ. 1896ರಲ್ಲಿ ರಾಜ್ಯದ ಸೆನೆಟ್‌ಗೆ ಡೆಮಾಕ್ರಟಿಕ್ ಪಕ್ಷದಿಂದ ನಿಂತರು. ರಿಪಬ್ಲಿಕನ್ ಪಟ್ಟಿಯಲ್ಲಿ ಅವರ ಗಂಡನ ಹೆಸರೇ ಇತ್ತು! ಹೆಂಡತಿ ಗೆದ್ದರು, ಗಂಡ ಸೋತರು. ಇಡೀ ದೇಶದಲ್ಲಿ ರಾಜ್ಯ ಸೆನೆಟ್‌ಗೆ ಗೆದ್ದ ಮೊದಲ ಹೆಂಗಸು ಅವರು. ಗೆದ್ದ ಮೇಲೆ ಮಾಡಿದ್ದು ಆರೋಗ್ಯ ಮಂಡಳಿಯ ಕೆಲಸ. ಧರ್ಮದ ಹೆಸರು ನೋಡಿ ಆ ಹೆಣ್ಣುಮಗಳು ಹೇಗೆ ನಡೆದುಕೊಳ್ಳುತ್ತಾಳೆ ಅಂತ ಮೊದಲೇ ಹೇಳೋಕೆ ಯಾರಿಂದ ಆಗುತ್ತಿತ್ತು?

ಹುಬ್ಬಳ್ಳಿ_ಮಂಜಣ್ಣ

ಭಾರಿ ಹೆಣ್ಣುಮಗಳು ರೀ!

ಅಮ್ಮ_ಸ್ಯಾನ್‌ಹೊಸೆ

ನಾನು ಸ್ವಲ್ಪ ಕಹಿ ಮಾತು ಹೇಳುತ್ತೇನೆ. ಯಾರೂ ತಪ್ಪು ತಿಳಿಯಬೇಡಿ, ಅರಿಝೋನಾ ಅಕ್ಕ ನೀವಂತೂ ಖಂಡಿತ ಬೇಡ.

2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 8ನೇ ಪ್ರಸ್ತಾವ ಜನರ ವೋಟಿಗೆ ಬಂತು. ಗಂಡು-ಹೆಣ್ಣಿನ ಮದುವೆ ಮಾತ್ರ ಮದುವೆ ಅನ್ನುವ ಪ್ರಸ್ತಾವ. ಮಾರ್ಮನ್ ಚರ್ಚಿನ ಮುಖ್ಯಸ್ಥರು ಪತ್ರ ಕಳಿಸಿದರು, ವಾರ್ಡ್ ವಾರ್ಡಿನಲ್ಲಿ ಓದಿದರು. ಸದಸ್ಯರು ಸಮಯ ಕೊಡಿ, ದುಡ್ಡು ಕೊಡಿ ಅಂತ. ಕೊಟ್ಟರು ಕೂಡ, ತುಂಬಾ ಕೊಟ್ಟರು. ನಮ್ಮ ಬೀದಿಯಲ್ಲಿ ಹಳದಿ ಬಣ್ಣದ ಬೋರ್ಡುಗಳು ಸಾಲಾಗಿ ನಿಂತವು. ನನ್ನ ಮಗ ಆಗ ಹದಿನೇಳು. ಶಾಲೆಯಿಂದ ಬರುವಾಗ ಆ ಬೋರ್ಡುಗಳ ಮುಂದೆ ನಡೆದು ಬರಬೇಕಿತ್ತು. ಒಂದು ದಿನ ಬಂದವನೇ ಬ್ಯಾಗ್ ಕೂಡ ತೆಗೆಯದೆ ಅಡುಗೆಮನೆ ನೆಲದ ಮೇಲೆ ಕೂತ. ನಾನು ಚಪಾತಿ ಲಟ್ಟಿಸುತ್ತಿದ್ದೆ. ಅವತ್ತು ಅವನು ನನಗೆ ತನ್ನ ವಿಷಯ ಹೇಳಿದ್ದು.

ಪ್ರಸ್ತಾವ ಗೆದ್ದಿತು, ನೂರಕ್ಕೆ 52ರಷ್ಟು ವೋಟಿನಲ್ಲಿ. ಆಮೇಲೆ ಕೋರ್ಟು ಅದನ್ನು ರದ್ದು ಮಾಡಿತು, ಮಗನ ಮದುವೆಯೂ ಆಯಿತು, ಅಳಿಯ ತುಂಬಾ ಒಳ್ಳೆಯ ಹುಡುಗ. ಆದರೆ ಧರ್ಮ ಖಾಸಗಿ ವಿಷಯ, ಕೇಳಬಾರದು ಅಂತ ಯಾರಾದರೂ ಹೇಳಿದರೆ ನನಗೆ ಆ ಅಡುಗೆಮನೆ ನೆನಪಾಗುತ್ತದೆ. ಅವರು ಚರ್ಚಿನೊಳಗೆ ಏನು ನಂಬುತ್ತಾರೋ ಅದು ಖಾಸಗಿ. ನನ್ನ ಮಗನ ಮದುವೆಗೆ ಕೈ ಹಾಕಿದರೆ ಅದು ಖಾಸಗಿ ಅಲ್ಲ.

ಅರಿಝೋನಾ_ಅಕ್ಕ

ಅಮ್ಮಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ತಪ್ಪು ತಿಳಿಯುವ ಪ್ರಶ್ನೆಯೇ ಇಲ್ಲ. ಆ ವರ್ಷ ನಮ್ಮೊಳಗೂ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗಿತ್ತು.

ಅಲ್ಲಿಂದ ಸ್ವಲ್ಪ ದೂರ ಬಂದಿದ್ದೇವೆ ಅಂತಲೂ ಹೇಳಬೇಕು. 2015ರಲ್ಲಿ ಯೂಟಾದಲ್ಲಿ ಮನೆ ಬಾಡಿಗೆ, ಉದ್ಯೋಗದಲ್ಲಿ ಸಲಿಂಗಿಗಳಿಗೆ ತಾರತಮ್ಯ ಮಾಡಬಾರದು ಅನ್ನುವ ಕಾನೂನಿಗೆ ಚರ್ಚು ಬೆಂಬಲ ಕೊಟ್ಟಿತು. 2022ರಲ್ಲಿ ಮದುವೆಗಳಿಗೆ ರಕ್ಷಣೆ ಕೊಡುವ ಕೇಂದ್ರದ ಕಾನೂನಿಗೂ ಕೊಟ್ಟಿತು. ಎರಡರಲ್ಲೂ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಇದೆ, ಚರ್ಚಿನ ಬೋಧನೆ ಬದಲಾಗಿಲ್ಲ, ಅದೂ ನಿಜ.

ಮಿಶಿಗನ್_ಮಾಮ

ನಾನು ಇಲ್ಲಿಗೆ ಬಂದು ನಲವತ್ತೆರಡು ವರ್ಷ. ಮಿಟ್ ರಾಮ್ನಿಯ ಅಪ್ಪ ಜಾರ್ಜ್ ರಾಮ್ನಿ ನಮ್ಮ ರಾಜ್ಯದ ಗವರ್ನರ್ ಆಗಿದ್ದವರು, 1963ರಿಂದ 1969. ಆ ಕಾಲ ನಾನು ನೋಡಿದ್ದಲ್ಲ, ಆದರೆ ಇಲ್ಲಿನ ಹಳಬರು ಇನ್ನೂ ಅವರ ಮಾತಾಡುತ್ತಾರೆ. ಸಾಗರದವರೇ, ನಿಮ್ಮ ಪ್ರಶ್ನೆಗೆ ಉತ್ತರ ಆ ಮನುಷ್ಯನ ಎರಡು ಘಟನೆಗಳಲ್ಲಿ ಇದೆ ಅಂತ ನನ್ನ ನಂಬಿಕೆ. ನಿಧಾನವಾಗಿ ಹೇಳುತ್ತೇನೆ.

1963ರ ಜೂನ್‌ನಲ್ಲಿ ಡೆಟ್ರಾಯ್ಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ದೊಡ್ಡ ಮೆರವಣಿಗೆ. ಗವರ್ನರ್ ಹೋಗಲಿಲ್ಲ. ಯಾಕೆ? ಅವತ್ತು ಭಾನುವಾರ. ಭಾನುವಾರ ದೇವರ ದಿನ, ಸಾರ್ವಜನಿಕ ಕೆಲಸ ಮಾಡುವುದಿಲ್ಲ ಅನ್ನೋದು ಧರ್ಮಕ್ಕಾಗಿ ಅವರು ಇಟ್ಟುಕೊಂಡ ನಿಯಮ. ತಮ್ಮ ಪರವಾಗಿ ಜನರನ್ನು ಕಳಿಸಿದರು. ಆದರೆ ಕೆಲವೇ ದಿನಕ್ಕೆ ಗ್ರಾಸ್ ಪಾಯಿಂಟ್ ಅನ್ನುವ ಬಿಳಿಯರ ಶ್ರೀಮಂತ ಬಡಾವಣೆಯಲ್ಲಿ, ಮನೆ ಮಾರಾಟದಲ್ಲಿ ಕಪ್ಪು ಜನರಿಗೆ ಆಗುವ ತಾರತಮ್ಯದ ವಿರುದ್ಧ ಮೆರವಣಿಗೆ ನಡೆಯಿತು. ಅದಕ್ಕೆ ಬಂದು, ಮುಂದಿನ ಸಾಲಿನಲ್ಲೇ ನಡೆದರು.

ಎರಡನೆಯದು ಇನ್ನೂ ದೊಡ್ಡದು. ಆ ಕಾಲದಲ್ಲಿ ಅವರ ಚರ್ಚಿನಲ್ಲಿ ಕಪ್ಪು ಜನರಿಗೆ ಪೌರೋಹಿತ್ಯ ಇರಲಿಲ್ಲ. ಆ ನಿಷೇಧ ಹೋಗಿದ್ದು 1978ರಲ್ಲಿ. 1964ರ ಜನವರಿಯಲ್ಲಿ ಚರ್ಚಿನ ಹನ್ನೆರಡು ಅಪೊಸ್ತಲರಲ್ಲಿ, ಅಂದರೆ ಹಿರಿಯ ಧರ್ಮನಾಯಕರಲ್ಲಿ, ಒಬ್ಬರಾದ ಡೆಲ್ಬರ್ಟ್ ಸ್ಟೇಪ್ಲಿ ಜಾರ್ಜ್ ರಾಮ್ನಿಗೆ ಪತ್ರ ಬರೆದರು. ನಾಗರಿಕ ಹಕ್ಕುಗಳ ವಿಚಾರದಲ್ಲಿ ನೀನು ಅತಿ ಮಾಡುತ್ತಿದ್ದೀಯ ಅನ್ನುವ ಎಚ್ಚರಿಕೆ ಅದರಲ್ಲಿತ್ತು. ನಂಬುವವನಿಗೆ ಅಪೊಸ್ತಲರ ಪತ್ರ ಅಂದರೆ ಸಾಮಾನ್ಯ ಅಲ್ಲ. ಜಾರ್ಜ್ ರಾಮ್ನಿ ಚರ್ಚು ಬಿಡಲಿಲ್ಲ, ನಾಗರಿಕ ಹಕ್ಕುಗಳ ಕೆಲಸವನ್ನೂ ಬಿಡಲಿಲ್ಲ. ಅದೇ ವರ್ಷ ನಾಗರಿಕ ಹಕ್ಕುಗಳ ಕಾನೂನಿಗೆ ವಿರುದ್ಧ ವೋಟು ಹಾಕಿದ್ದ ತಮ್ಮದೇ ಪಕ್ಷದ ರಾಷ್ಟ್ರಪತಿ ಅಭ್ಯರ್ಥಿ ಗೋಲ್ಡ್‌ವಾಟರ್‌ಗೆ ಬೆಂಬಲ ಕೊಡಲಿಲ್ಲ.

ಭಾನುವಾರ ಮೆರವಣಿಗೆಗೆ ಹೋಗದಿದ್ದದ್ದು ಅವರ ಸ್ವಂತ ವ್ರತ. ಅದನ್ನು ನಾವು ಗೌರವಿಸಬೇಕು. ಏಕಾದಶಿ ಉಪವಾಸ ಮಾಡುವವರನ್ನು ಯಾಕೆ ಅಂತ ಕೇಳುತ್ತೇವಾ? ಆದರೆ ಪತ್ರ ಬಂದಾಗ ಏನು ಮಾಡಿದರು ಅನ್ನೋದು ಮಾತ್ರ ಮತದಾರನ ವಿಚಾರ. ನಿಮ್ಮ ಹಲ್ಲಿನ ಡಾಕ್ಟರನ್ನೂ ಅದೇ ಕೇಳಿ. ಪತ್ರ ಬಂದರೆ ಏನು ಮಾಡುತ್ತೀರಿ?

ಬಾಸ್ಟನ್_ಬಸು

ಮಾಮ, ಬಹಳ ಚೆನ್ನಾಗಿ ಹೇಳಿದಿರಿ. ಇದು ನನಗೆ ಗೊತ್ತೇ ಇರಲಿಲ್ಲ.

ಕಮಲಾಕ್ಷಿ_ನ್ಯೂಜೆರ್ಸಿ

ಮಾಮ, ಇಷ್ಟು ಮಟ್ಟಿಗೆ ಒಪ್ಪಿದೆ. ಆದರೆ ನನ್ನ ಭಯ ಹೋಗಿಲ್ಲ. ಈ ಪ್ರಶ್ನೆಯನ್ನು ನಾವು ಮಾರ್ಮನ್ನರಿಗೆ ಮಾತ್ರ ಕೇಳುತ್ತೇವೆ. ಬ್ಯಾಪ್ಟಿಸ್ಟ್ ಅಭ್ಯರ್ಥಿಗೆ ನಿನ್ನ ಪಾಸ್ಟರ್ ಫೋನ್ ಮಾಡಿದರೆ ಏನು ಮಾಡ್ತೀಯ ಅಂತ ಯಾರು ಕೇಳುತ್ತಾರೆ? ಚಿಕ್ಕ ಧರ್ಮದವರ ಮೇಲೆ ಮಾತ್ರ ಬೀಳುವ ಪ್ರಶ್ನೆ ನ್ಯಾಯದ ಪ್ರಶ್ನೆ ಅಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಮಾರ್ಮನ್ ಅಭ್ಯರ್ಥಿಗೆ ವೋಟು ಹಾಕೋದಿಲ್ಲ ಅಂದವರು 1967ರಲ್ಲಿ ನೂರಕ್ಕೆ 17, 2012ರಲ್ಲಿ 18. ನಲವತ್ತೈದು ವರ್ಷದಲ್ಲಿ ಏನೂ ಬದಲಾಗಲಿಲ್ಲ. ಅವರೆಲ್ಲ ಕೆಲಸ ನೋಡಿ ಬೇಡ ಅಂದವರಲ್ಲ. ಹೆಸರು ಕೇಳಿಯೇ ಬೇಡ ಅಂದವರು.

ನಾಳೆ ನಮ್ಮ ಸರದಿ ಬರುತ್ತದೆ, ಬಂದೂ ಆಗಿದೆ. 2023ರ ಡಿಸೆಂಬರಿನಲ್ಲಿ ಅಯೋವಾದಲ್ಲಿ ಸಿಎನ್‌ಎನ್ ಸಭೆಯಲ್ಲಿ ರಾಷ್ಟ್ರಪತಿ ಚುನಾವಣೆಗೆ ಇಳಿದಿದ್ದ ವಿವೇಕ್ ರಾಮಸ್ವಾಮಿಗೆ ಒಬ್ಬ ಮತದಾರರು ಹಿಂದೂ ಧರ್ಮದ ಬಗ್ಗೆಯೇ ಕೇಳಿದರು. ಈ ದೇಶ ಕಟ್ಟಿದವರ ಧರ್ಮ ನಿಮ್ಮದಲ್ಲ ಅನ್ನುವವರಿಗೆ ಏನು ಹೇಳ್ತೀರಿ ಅಂತ. ಅವರ ರಾಜಕೀಯ ನನಗೆ ಸೇರುವುದಿಲ್ಲ. ಆದರೆ ಅವತ್ತು ಟಿವಿ ಮುಂದೆ ನನ್ನ ಹೊಟ್ಟೆಯಲ್ಲಿ ಕಲಸಿದಂತೆ ಆಯಿತು. ನನ್ನ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

ಮಿಶಿಗನ್_ಮಾಮ

ಕಮಲಾಕ್ಷಿ, ಎಲ್ಲರಿಗೂ ಕೇಳಿ ಅಂತಲೇ ನಾನು ಹೇಳೋದು. ಇಲ್ಲಿ 13ನೇ ಕ್ಷೇತ್ರದಿಂದ ಕಾಂಗ್ರೆಸ್‌ಗೆ ಹೋದ ಶ್ರೀ ಥಾನೇದಾರ್ ಬೆಳಗಾವಿ ಕಡೆಯವರು, ಹಿಂದೂ. ಅವರ ಕ್ಷೇತ್ರದಲ್ಲಿ ಕಪ್ಪು ಜನರು ಬಹಳ. ಆ ಜನರೇ ಥಾನೇದಾರರನ್ನು ಗೆಲ್ಲಿಸಿದರು. ವಿರೋಧಿಸಿದವರೂ ಅವರ ದುಡ್ಡು, ಪ್ರಾತಿನಿಧ್ಯ, ಕೆಲಸ ಹಿಡಿದು ವಿರೋಧಿಸಿದರು. ಚುನಾವಣೆ ಹಾಗೇ ನಡೆಯಬೇಕು.

ಕಾರ್ಕಳ_ಕಿಣಿ

ಇಷ್ಟೆಲ್ಲ ಮಾತಾಡುವ ನಾವು ಊರಲ್ಲಿ ಏನು ಮಾಡುತ್ತೇವೆ? ಟಿಕೆಟ್ ಹಂಚುವಾಗಲೇ ಜಾತಿ ಲೆಕ್ಕ. ನಮ್ಮಲ್ಲಿ ಧರ್ಮ, ಜಾತಿ ಹೆಸರಲ್ಲಿ ವೋಟು ಕೇಳುವುದು ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಅಕ್ರಮ. 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮದ ಹೆಸರೂ ಎತ್ತುವ ಹಾಗಿಲ್ಲ ಅಂತ. ಆದರೂ ನಡೆಯುತ್ತದೆ.

ಹುಬ್ಬಳ್ಳಿ_ಮಂಜಣ್ಣ

ಕಿಣಿಯವರ, ಅದಕ್ಕ ಬ್ಯಾರೆ ಚರ್ಚೆ ಶುರು ಮಾಡ್ರಿ. ಇಲ್ಲಿ ಹಿಡಿದರ ಇನ್ನೂರು ಉತ್ತರ ಬರ್ತಾವು.

ಸಾಗರದವನು

ಎಲ್ಲವನ್ನೂ ಓದುತ್ತಿದ್ದೇನೆ. ಮಿಶಿಗನ್ ಮಾಮ, ನಿಮ್ಮ ಪ್ರಶ್ನೆ ಬರೆದಿಟ್ಟುಕೊಂಡೆ.

ಮಧ್ಯೆ ಒಂದು ಸಣ್ಣ ಪ್ರಶ್ನೆ. ಶುಕ್ರವಾರ ಆ ಅಭ್ಯರ್ಥಿ, ಅವರ ಹೆಂಡತಿ ನಮ್ಮನೆಗೆ ಬರುತ್ತಾರೆ. ಕಾಫಿ, ಟೀ ಕುಡಿಯುವುದಿಲ್ಲ. ಏನು ಕೊಡಲಿ? ಜೀರಿಗೆ ಕೊತ್ತಂಬರಿ ಕಷಾಯ ನಡೆಯುತ್ತಾ?

ಅರಿಝೋನಾ_ಅಕ್ಕ

ಧಾರಾಳವಾಗಿ ನಡೆಯುತ್ತದೆ! ಟೀ ಸೊಪ್ಪು, ಕಾಫಿ ಬೀಜ ಬೇಡ, ಅಷ್ಟೆ. ನಮ್ಮನೆಯಲ್ಲಿ ದಿನಾ ಬೆಳಗ್ಗೆ ಕಷಾಯವೇ. ಬೆಲ್ಲ ಸ್ವಲ್ಪ ಜಾಸ್ತಿ ಹಾಕಿ, ಹಾಲು ಕಡೆಯಲ್ಲಿ ಹಾಕಿ.

ವೈಟ್‌ಫೀಲ್ಡ್_ವಾಸಿ

ನಾನು ಬೆಂಗಳೂರಿನಿಂದ. ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಹೆಸರಿನ ಪಟ್ಟಿ ಹಾಕಿದ ಹುಡುಗರು ಇಲ್ಲೂ ಜೋಡಿ ಜೋಡಿಯಾಗಿ ಓಡಾಡುತ್ತಾರೆ. ಒಂದು ಸಲ ಮಳೆಯಲ್ಲಿ ನಮ್ಮ ಅಂಗಡಿ ಮುಂದೆ ನಿಂತಿದ್ದರು, ಒಳಗೆ ಕರೆದೆ, ಚೆನ್ನಾಗಿ ಮಾತಾಡಿದರು. ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿಗೆ ಅಂತ 2018ರಲ್ಲಿ ಪ್ರಕಟಿಸಿದ್ದರು, 2020ರ ಡಿಸೆಂಬರಿನಲ್ಲಿ ಗುದ್ದಲಿ ಪೂಜೆ ಥರ ಶುರು ಮಾಡಿದರು.

ದಾವಣಗೆರೆ_ದೀಪಾ

ನಮ್ಮ ಯೂಟಾದ ಸ್ಪ್ಯಾನಿಷ್ ಫೋರ್ಕ್‌ನಲ್ಲಿ ರಾಧಾಕೃಷ್ಣ ದೇವಸ್ಥಾನ ಇದೆ. ಕಟ್ಟುವಾಗ ಮಾರ್ಮನ್ ಚರ್ಚೂ ದೇಣಿಗೆ ಕೊಟ್ಟಿತ್ತು. ಅಲ್ಲಿನ ಹೋಳಿ ಹಬ್ಬಕ್ಕೆ ಬರುವವರಲ್ಲಿ ಬಹಳಷ್ಟು ಜನ ಪಕ್ಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮಕ್ಕಳು, ಹೆಚ್ಚಿನವರು ಅದೇ ಚರ್ಚಿನವರು. ಇದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಈಗ ಹೇಳುವುದು ದ್ವೇಷದಿಂದ ಅಂತ ಯಾರೂ ಅಂದುಕೊಳ್ಳಬಾರದು.

2018ರಲ್ಲಿ ಯೂಟಾದಲ್ಲಿ ಔಷಧಿಗಾಗಿ ಗಾಂಜಾ ಬಳಸಲು ಒಪ್ಪಿಗೆ ಕೊಡುವ 2ನೇ ಪ್ರಸ್ತಾವ ಬಂತು. ನಾನು ಆಗ ಕ್ಯಾನ್ಸರ್ ವಾರ್ಡಿನಲ್ಲಿದ್ದೆ. ಕಿಮೋ ಆದ ಮೇಲೆ ಒಂದು ತುತ್ತು ಅನ್ನ ನಿಲ್ಲದವರನ್ನು ದಿನಾ ನೋಡುತ್ತಿದ್ದೆ. ಚರ್ಚು ಆ ಪ್ರಸ್ತಾವವನ್ನು ವಿರೋಧಿಸಿತು. ಚುನಾವಣೆಗೆ ಒಂದು ತಿಂಗಳು ಮೊದಲೇ ಚರ್ಚು, ಶಾಸಕರು, ಕೆಲವು ಬೆಂಬಲಿಗರು ಕೂತು ಒಂದು ರಾಜಿ ಮಾಡಿಕೊಂಡರು. ನವೆಂಬರಿನಲ್ಲಿ ಜನ ಪ್ರಸ್ತಾವವನ್ನು ಗೆಲ್ಲಿಸಿದರು. ಡಿಸೆಂಬರ್ 3ಕ್ಕೆ ವಿಶೇಷ ಅಧಿವೇಶನ ಕರೆದು ಶಾಸಕರು ಅದನ್ನು ತೆಗೆದು ರಾಜಿಯ ಕಾನೂನು ಕೂರಿಸಿದರು. ರಾಜಿಯಲ್ಲೂ ಒಳ್ಳೆಯ ಅಂಶ ಇತ್ತು ಅನ್ನುವವರಿದ್ದಾರೆ. ಆದರೆ ಜನ ವೋಟು ಹಾಕಿದ್ದು ಬೇರೆ ಕಾಗದಕ್ಕೆ.

ಯೂಟಾದ ಶಾಸಕರಲ್ಲಿ ಬಹುಪಾಲು ಅದೇ ಚರ್ಚಿನವರು. ರಾಮ್ನಿ ದೇಶದ ಮಟ್ಟದಲ್ಲಿ ಅಲ್ಪಸಂಖ್ಯಾತ. ಇಲ್ಲಿ ಹಾಗಲ್ಲ. ಕಮಲಾಕ್ಷಿ ಮೇಡಂ ಹೇಳಿದ ಚಿಕ್ಕ ಧರ್ಮದ ಮಾತು ಅಯೋವಾಗೆ ಸರಿ, ಸಾಲ್ಟ್ ಲೇಕ್‌ಗೆ ಹೊಂದುವುದಿಲ್ಲ.

ಕಮಲಾಕ್ಷಿ_ನ್ಯೂಜೆರ್ಸಿ

ಇದು ನಾನು ಯೋಚಿಸದ ಮಾತು ದೀಪಾ. ಒಪ್ಪುತ್ತೇನೆ, ಊರು ಬದಲಾದರೆ ಪ್ರಶ್ನೆಯ ತೂಕವೂ ಬದಲಾಗುತ್ತದೆ.

ಅರಿಝೋನಾ_ಅಕ್ಕ

ದೀಪಾ ಹೇಳಿದ್ದು ನಡೆದದ್ದೇ. ಆದರೆ ಪತ್ರ ಬಂದರೆ ಎಲ್ಲರೂ ಒಂದೇ ಕಡೆ ವಾಲುತ್ತಾರೆ ಅನ್ನೋದನ್ನು ಒಪ್ಪಲಾರೆ. ಸೆನೆಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ನಾಯಕರಾಗಿದ್ದ ಹ್ಯಾರಿ ರೀಡ್ ನಮ್ಮವರೇ. 2012ರಲ್ಲಿ ರಾಮ್ನಿ ಮೇಲೆ ಅತಿ ಜೋರಾಗಿ ಬಿದ್ದವರೂ ಅವರೇ.

2020ರ ಫೆಬ್ರವರಿ 5 ನೆನಪಿದೆಯಾ? ಟ್ರಂಪ್ ಅವರ ಮಹಾಭಿಯೋಗದಲ್ಲಿ ತಮ್ಮದೇ ಪಕ್ಷದ ರಾಷ್ಟ್ರಪತಿಯನ್ನು ತಪ್ಪಿತಸ್ಥ ಅಂದ ಮೊದಲ ಸೆನೆಟರ್ ರಾಮ್ನಿ, ಆಗ ಅವರು ಯೂಟಾದ ಸೆನೆಟರ್. ದೇವರ ಮುಂದೆ ಪ್ರಮಾಣ ಮಾಡಿದ್ದೇನೆ ಅಂತ ಹೇಳುವಾಗ ಗಂಟಲು ಕಟ್ಟಿತು ಅವರಿಗೆ. ಯೂಟಾದ ಇನ್ನೊಬ್ಬ ಸೆನೆಟರ್ ಮೈಕ್ ಲೀ, ಅದೇ ಚರ್ಚು. ಅವರು ತದ್ವಿರುದ್ಧ ವೋಟು ಹಾಕಿದರು. ನಮ್ಮ ಅರಿಝೋನಾದ ಶಾಸನಸಭೆಗೆ ಆಗ ಸ್ಪೀಕರ್ ಆಗಿದ್ದ, ನಮ್ಮ ಚರ್ಚಿನವರೇ ಆದ ರಸ್ಟಿ ಬೋವರ್ಸ್ 2020ರ ಚುನಾವಣೆ ಫಲಿತಾಂಶ ತಿರುಚಲು ಒಪ್ಪಲಿಲ್ಲ. ಸಂವಿಧಾನ ದೇವರ ಪ್ರೇರಣೆಯಿಂದ ಬಂದದ್ದು ಅನ್ನೋದು ನನ್ನ ಧರ್ಮದ ನಂಬಿಕೆ ಅಂತ 2022ರ ಜೂನ್‌ನಲ್ಲಿ ಸಾಕ್ಷಿ ಹೇಳಿದರು. ಆಗಸ್ಟ್‌ನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಸೋತರು. ಅವರನ್ನು ಸೋಲಿಸಿದವರಲ್ಲಿ ನಮ್ಮ ಚರ್ಚಿನ ಜನರೂ ಇದ್ದರು.

ಇನ್ನೊಂದು ಮಾತು. 2023ರಲ್ಲಿ ಚರ್ಚಿನ ಮುಖ್ಯಸ್ಥರಿಂದ ಬಂದ ಪತ್ರ ನಮ್ಮ ವಾರ್ಡಿನಲ್ಲಿ ಓದಿದಾಗ ನಾನೇ ಕೂತಿದ್ದೆ. ಚರ್ಚು ಯಾವ ಪಕ್ಷದ ಪರವೂ ಅಲ್ಲ, ಯೋಚನೆ ಮಾಡದೆ ಒಂದೇ ಪಕ್ಷಕ್ಕೆ ಕಣ್ಣು ಮುಚ್ಚಿ ವೋಟು ಹಾಕುವುದು ಪ್ರಜಾಪ್ರಭುತ್ವಕ್ಕೆ ಅಪಾಯ ಅಂತ ಇತ್ತು.

ತುಂಗಾತೀರ

ಅಕ್ಕ, ನಿಮ್ಮ ಉದಾಹರಣೆಯೇ ನನ್ನ ವಾದಕ್ಕೂ ಆಗುತ್ತದೆ. ರಾಮ್ನಿ ಧರ್ಮದ ಕಾರಣಕ್ಕೆ ಒಳ್ಳೆಯದು ಮಾಡಿದರು ಅಂತ ಹೊಗಳಿದರೆ, ಧರ್ಮದ ಕಾರಣಕ್ಕೆ ಕೆಟ್ಟದ್ದಾದಾಗ ಅದನ್ನು ಎತ್ತಬೇಡಿ ಅನ್ನೋಕೆ ಬರೋದಿಲ್ಲ. ಎರಡೂ ಕಡೆ ಲೆಕ್ಕಕ್ಕೆ ಇರಬೇಕು.

ಅರಿಝೋನಾ_ಅಕ್ಕ

ಇರಲಿ, ಒಪ್ಪಿದೆ. ನಮ್ಮ ಚರ್ಚಿನ ಹೂಡಿಕೆ ವಿಚಾರದಲ್ಲಿ 2023ರಲ್ಲಿ ಶೇರು ಮಾರುಕಟ್ಟೆ ನಿಯಂತ್ರಕರು 50 ಲಕ್ಷ ಡಾಲರ್ ದಂಡ ಹಾಕಿದಾಗ ನನಗೂ ನಾಚಿಕೆ ಆಯಿತು, ಕೇಳಿದವರಿಗೆ ಮುಖ ಮುರಿಯದೆ ಉತ್ತರ ಕೊಟ್ಟೆ. ಕೇಳಿ, ಆದರೆ ಮನುಷ್ಯರನ್ನು ಕೇಳಿದ ಹಾಗೆ ಕೇಳಿ. ನಮ್ಮವರು ಪವಿತ್ರ ಅಂತ ತೊಡುವ ಒಳ ಉಡುಪಿನ ಬಗ್ಗೆ ನಗುತ್ತಾ ಕೇಳುವವರನ್ನು ನಾನು ಆಫೀಸಿನಲ್ಲಿ ಎದುರಿಸಿದ್ದೇನೆ. ಮಡಿ ಉಡುವ ನನ್ನ ಅಜ್ಜಿಯನ್ನು ಯಾರಾದರೂ ಹಾಗೆ ಕೇಳಿದ್ದರೆ ನನಗೆ ಹೇಗೆ ಆಗುತ್ತಿತ್ತೋ ಹಾಗೆಯೇ ಆಯಿತು.

ಬಾಸ್ಟನ್_ಬಸು

2011ರಲ್ಲಿ ಪಾಸ್ಟರ್ ರಾಬರ್ಟ್ ಜೆಫ್ರೆಸ್ ಮಾರ್ಮನ್ ಧರ್ಮ ಕ್ರೈಸ್ತ ಧರ್ಮವೇ ಅಲ್ಲ, ಕಲ್ಟ್ ಅಂದರು. ಮರುವರ್ಷ ಒಬಾಮಾ ಎದುರು ಅದೇ ರಾಮ್ನಿಗೆ ಬೆಂಬಲ ಕೊಟ್ಟರು. ಬಿಳಿಯ ಇವ್ಯಾಂಜೆಲಿಕಲ್ (ಕಟ್ಟಾ ಪ್ರಾಟೆಸ್ಟೆಂಟ್) ಮತದಾರರು ನೂರಕ್ಕೆ 80ರ ಹತ್ತಿರ ರಾಮ್ನಿಗೇ ಹಾಕಿದರು. ಧರ್ಮ ಮುಖ್ಯ ಅಂತ ಅಷ್ಟು ಕೂಗಿದವರಿಗೆ ಕೊನೆಗೆ ಪಕ್ಷವೇ ಮುಖ್ಯ ಆಯಿತು.

ಸಾಗರದವನು

ಶುಕ್ರವಾರ ಬಂದು ಹೋದರು. ಹೇಗಾಯಿತು ಅಂತ ಹೇಳಬೇಕು ನಿಮಗೆಲ್ಲ.

ಕಷಾಯ ಎರಡೆರಡು ಲೋಟ ಕುಡಿದರು. ಅಪ್ಪನ ಆರೋಗ್ಯ ವಿಚಾರಿಸಿದರು. ಆಮೇಲೆ ನಾನು ಕೇಳಿಯೇಬಿಟ್ಟೆ. "ಒಂದು ಮಸೂದೆ ಬಗ್ಗೆ ಚರ್ಚು ಒಂದು ಹೇಳಿ, ಕ್ಷೇತ್ರದ ಜನ ಇನ್ನೊಂದು ಹೇಳಿದರೆ ನೀವೇನು ಮಾಡುತ್ತೀರಿ?" ಜಾರ್ಜ್ ರಾಮ್ನಿಗೆ ಬಂದ ಪತ್ರದ ಕಥೆಯನ್ನೂ ಹೇಳಿದೆ. ಅವರಿಗೆ ಅದು ಗೊತ್ತಿತ್ತು.

ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಹೆಂಡತಿ ಅವರ ಮುಖ ನೋಡುತ್ತಿದ್ದರು. ಆಮೇಲೆ ಹೇಳಿದರು: "ಚರ್ಚಿನ ಮಾತು ನನ್ನ ಮೇಲೆ ಪ್ರಭಾವ ಮಾಡೋದಿಲ್ಲ ಅಂದರೆ ಸುಳ್ಳಾಗುತ್ತದೆ. ಅದರಿಂದಲೇ ಬೆಳೆದವನು ನಾನು. ನಾನು ಕೊಡಬಹುದಾದ ಮಾತು ಇಷ್ಟೇ. ಯಾವುದೇ ಮಸೂದೆ ಬಗ್ಗೆ ಚರ್ಚಿನ ಕಡೆಯವರು ನನ್ನ ಜೊತೆ ಮಾತಾಡಿದರೆ ನಾನು ಅದನ್ನು ಬಹಿರಂಗವಾಗಿ ಹೇಳುತ್ತೇನೆ. ಗೆದ್ದರೆ ಬಿಷಪ್ ಸ್ಥಾನದಿಂದ ಬಿಡುಗಡೆ ಕೇಳುತ್ತೇನೆ." ಜನರ ವೋಟಿನಿಂದ ಬಂದ ಕಾನೂನನ್ನು ಬದಲಿಸುತ್ತೀರಾ ಅಂತ ದೀಪಾ ಅವರ ಮಾತು ಹಿಡಿದು ಕೇಳಿದೆ. ಅದಕ್ಕೆ ಮಾತ್ರ ನೇರ ಉತ್ತರ ಬರಲಿಲ್ಲ, ಸಂದರ್ಭ ನೋಡಬೇಕು ಅಂದರು.

ಹೊರಡುವಾಗ ಹೇಳಿದರು, ಇಡೀ ಕ್ಷೇತ್ರದಲ್ಲಿ ಇದನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದ್ದು ನೀವೊಬ್ಬರೇ ಅಂತ.

ಮಿಶಿಗನ್_ಮಾಮ

ಸುಳ್ಳಾಗುತ್ತದೆ ಅಂದರಲ್ಲ, ಆ ಮಾತಿಗೆ ನಾನು ಗೌರವ ಕೊಡುತ್ತೇನೆ.

ದಾವಣಗೆರೆ_ದೀಪಾ

ನನಗೆ ಸಂದರ್ಭ ನೋಡಬೇಕು ಅಂದದ್ದೇ ಚುಚ್ಚುತ್ತಿದೆ. ಕ್ಯಾನ್ಸರ್ ರೋಗಿಗೆ ಸಂದರ್ಭ ಕಾಯೋದಿಲ್ಲ.

ಅಮ್ಮ_ಸ್ಯಾನ್‌ಹೊಸೆ

ಮನೆಗೆ ಕರೆದು ಕೇಳಿದಿರಲ್ಲ, ಅದು ದೊಡ್ಡದು. 2008ರಲ್ಲಿ ನಾನು ಆ ಬೋರ್ಡು ಹಾಕಿದ್ದ ಒಂದು ಮನೆಯನ್ನೂ ಹೀಗೆ ಕರೆದು ಕೇಳಲಿಲ್ಲ. ಇವತ್ತಿಗೂ ಅನ್ನಿಸುತ್ತದೆ, ಕೇಳಬೇಕಿತ್ತು.

ಹುಬ್ಬಳ್ಳಿ_ಮಂಜಣ್ಣ

ಕಡೀಗೆ ವೋಟು ಯಾರಿಗೆ ಅಂತ ಹೇಳ್ರಿ ಸಾಗರದವರ!

ಸಾಗರದವನು

ಮಂಜಣ್ಣ, ಹೇಳುತ್ತೇನೆ. ನಮ್ಮನೆಯಲ್ಲಿ ಒಂದೊಂದು ವೋಟು ಒಂದೊಂದು ಕಡೆ. ನನ್ನ ಹೆಂಡತಿ ಅವರಿಗೇ ಹಾಕಿದಳು. ಕೇಳಿದ್ದಕ್ಕೆ ಸಿಟ್ಟಾಗದೆ ಉತ್ತರ ಕೊಟ್ಟವರು ಆ ಕುರ್ಚಿಯಲ್ಲೂ ಕೇಳಿಸಿಕೊಳ್ಳುತ್ತಾರೆ ಅನ್ನೋದು ಅವಳ ಮಾತು.

ನಾನು ಇನ್ನೊಬ್ಬರಿಗೆ ಹಾಕಿದೆ. ಕಾರಣ ಧರ್ಮ ಅಲ್ಲ, ಕೆರೆ. ಗ್ರೇಟ್ ಸಾಲ್ಟ್ ಲೇಕ್ 2022ರಲ್ಲಿ ಹಿಂದೆಂದೂ ಇಲ್ಲದಷ್ಟು ಇಳಿದುಹೋಯಿತು. ಒಣಗಿದ ತಳದ ಧೂಳು ಗಾಳಿಗೆ ಎದ್ದರೆ ನನ್ನ ಮಗಳ ಎದೆ ಗೊರಗೊರ ಅನ್ನುತ್ತದೆ. ಕೆರೆಗೆ ಬರದೆ ಹೊಲಗಳಿಗೆ ಹೋಗುವ ನೀರಿನ ಬಗ್ಗೆ ಆ ಇನ್ನೊಬ್ಬರ ಹತ್ತಿರ ಗಟ್ಟಿ ಯೋಜನೆ ಇದೆ, ನಮ್ಮ ಡಾಕ್ಟರ ಹತ್ತಿರ ಪ್ರಾರ್ಥನೆ ಮತ್ತು ಒಳ್ಳೆಯ ಮನಸ್ಸು ಇದೆ. ಆ ಇನ್ನೊಬ್ಬರೂ ಅದೇ ಚರ್ಚಿನವರು, ಬೇರೆ ವಾರ್ಡು.

ನಾನು ನಿಮಗೆ ಹಾಕಲಿಲ್ಲ ಅಂತ ಅವರಿಗೆ ನಾನೇ ಹೇಳಿದೆ. ನಿನ್ನೆ ಸಂಜೆ ಅವರ ಹೆಂಡತಿ ಕಷಾಯದ ಪುಡಿ ಕೇಳಿಕೊಂಡು ಬಂದಿದ್ದರು.

ದಾವಣಗೆರೆ_ದೀಪಾ

ಅಂಚೆಯಲ್ಲಿ ಮನೆಗೆ ಬಂದ ವೋಟಿನ ಚೀಟಿಯ ಕವರಿನ ಹಿಂದೆ ಸಹಿ ಹಾಕಿದ್ದೀರಾ? ಇಬ್ಬರೂ ನೋಡಿಕೊಳ್ಳಿ. ಹೋದ ಸಲ ನಮ್ಮ ಅತ್ತೆಯವರ ಸಹಿ ಹೊಂದಲಿಲ್ಲ ಅಂತ ಕಾಗದ ಬಂತು, ಮತ್ತೆ ಓಡಾಡಿ ಸರಿ ಮಾಡಿಸಿದೆವು.

ಸಾಗರದವನು

ಹಾಕಿದ್ದೇವೆ. ಲೈಬ್ರರಿ ಮುಂದಿನ ಡಬ್ಬಿಗೆ ಬೆಳಗ್ಗೆ ಹೋಗಿ ಹಾಕುತ್ತೇವೆ, ಮಗಳನ್ನೂ ಕರೆದುಕೊಂಡು.